ಉಪ್ಪಳದಲ್ಲಿ ಗ್ರೇಸಿ ಟೀಚರ್

ಹೆಸರು ಗ್ರಾಸಿಯೇಲ. ಮೂರನೇ ದಿನಕ್ಕೆ ಗ್ರೇಸಿ ಟೀಚರ್.
ಗ್ರೇಸಿಯರು ನಮ್ಮಲ್ಲಿ ಮೊದಲೇ ಇಬ್ಬರಿದ್ದರು,
ಒಬ್ಬಳು ಹೊಲಿಗೆಯವಳು, ಇನ್ನೊಬ್ಬಳು ಪಂಚಾಯತ್ ಮೆಂಬರು.
ಮೂರನೆಯವಳಿಗೆ ಜಾಗ ಸುಲಭವಾಯಿತು.

ಸ್ಪೋಕನ್ ಇಂಗ್ಲಿಷಿಗೆಂದು ಮೆನೇಜರ್ ಹಾಜಿಯವರು
ದುಬಾಯಿಯಲ್ಲಿ ಎಲ್ಲೋ ಕಂಡು ಕರೆಸಿದ್ದು.
ಅವಳ ಇಂಗ್ಲಿಷೂ ನಮ್ಮದರ ಹಾಗೇ ಕುಂಟುತ್ತಿತ್ತು,
ಬೇರೆ ಕಾಲಲ್ಲಿ, ಅಷ್ಟೇ.

ದೇಶ ಯಾವುದೆಂದು ಕೇಳಿದವನು ಏಳನೇ ಬಿಯ ಶಮ್ಮಾಸ್.
ಅರ್ಜೆಂಟೀನ, ಅಂದಳು.
ಆಮೇಲೆ ಪಾಠ ನಡೆಯಲಿಲ್ಲ.
ಗಂಜಿಯ ಗಂಟೆ ಹೊಡೆಯುವಷ್ಟರಲ್ಲಿ ಸುದ್ದಿ
ಬಂದ್ಯೋಡು ದಾಟಿ, ಕುಂಬಳೆಯಲ್ಲಿ
ರೈಲು ಹತ್ತಿತ್ತು.

ವಿಶ್ವಕಪ್ಪಿನ ವರ್ಷ, ಮಾರಾಯ್ರೆ!
ಕೈಕಂಬದಲ್ಲಿ ನಲುವತ್ತಡಿ ಕಟೌಟು,
ತೆಂಗಿನಿಂದ ತೆಂಗಿಗೆ ನೀಲಿ ಬಿಳಿ ಬಟ್ಟೆ,
ಎದುರು ಸಾಲಿನಲ್ಲಿ ಹಳದಿಯವರು.
ಹಳದಿ ಮನೆಯಿಂದ ನೀಲಿ ಮನೆಗೆ
ಬೂತಾಯಿ ಸಾರು ಹೋಗುವುದು ನಿಂತಿತ್ತು.
ಇದರ ನಡುವೆ ಇವಳು,
ಒಂದೇ ಒಂದು ಮ್ಯಾಚು ಪೂರ್ತಿ ನೋಡದವಳು.

"ನನ್ನ ಊರಲ್ಲಿ ಕುರಿ ಮತ್ತು ಗಾಳಿ," ಅಂದಳು ನನ್ನಲ್ಲಿ ಗುಟ್ಟಾಗಿ,
"ಚೆಂಡು ಒದ್ದರೆ ಗಾಳಿ ಸಮುದ್ರಕ್ಕೆ ಒಯ್ಯುತ್ತದೆ.
ಅಪ್ಪ ಇನ್ನೊಂದು ತಂದುಕೊಡಲಿಲ್ಲ."
ಗುಟ್ಟು ಕಾಯುವುದು ಕನ್ನಡ ಮಾಷ್ಟ್ರಿಗೆ ಅಭ್ಯಾಸ.
ಹನ್ನೊಂದು ಮಕ್ಕಳ ನನ್ನ ತರಗತಿ
ಲ್ಯಾಬಿನ ಹಿಂದೆ ಗುಟ್ಟಿನ ಹಾಗೇ ನಡೆಯುವುದು.

ಸೋರೆಬುರುಡೆಗೆ ಹಸಿರು ಹುಡಿ ಸುರಿದು
ಬೆಳ್ಳಿ ಕೊಳವೆಯಲ್ಲಿ ಹೀರುತ್ತಿದ್ದಳು ಸ್ಟಾಫ್ ರೂಮಿನಲ್ಲಿ.
ಎಂತದೋ ಸೊಪ್ಪೆಂದು ಹೆಡ್ ಮಿಸ್ಸಿಗೆ ದೂರು ಹೋಯಿತು.
ತನಿಖೆಗೆ ನಾನೇ ಕುಡಿದೆ.
ಕಿರಾತಕಡ್ಡಿ ಕಷಾಯಕ್ಕೆ ದೂರದ ತಂಗಿ.
ನಿರ್ದೋಷಿ, ಎಂದು ಬರೆದು ಸಹಿ ಹಾಕಿದೆ.
ನಾಲಗೆ ಮಾತ್ರ ಸಂಜೆತನಕ ಆಕ್ಷೇಪ ಎತ್ತುತ್ತಿತ್ತು.

ಬಸ್ಸಿನ ಬೋರ್ಡು ಓದಲಿಕ್ಕೆ ಕಲಿಸಿದೆ:
ನೆತ್ತಿಯಲ್ಲಿ ತಲೆಕಟ್ಟು ಕಂಡರೆ ಕನ್ನಡ,
ಬರೀ ಸುರುಳಿ ಸುರುಳಿಯಾದರೆ ಮಲಯಾಳ.
ಒಂದು ದಿನ ತಲೆಕಟ್ಟು ನಂಬಿ ಹತ್ತಿದವಳು
ಕಾಸರಗೋಡಿಗೆಂದು ಹೊರಟು ಮಂಗಳೂರು ಮುಟ್ಟಿದಳು.
"ತಲಪಾಡಿಯಲ್ಲಿ ಗಡಿಯಂತೆ, ನನಗೆ ಕಾಣಲೇ ಇಲ್ಲ!"
ನಮಗೂ ಕಾಣುವುದಿಲ್ಲ, ಅಂದೆ,
ಅರ್ಜಿ ಹಾಕುವಾಗ ಮಾತ್ರ ಕಾಣುತ್ತದೆ.

ಬ್ರದರ್ಸ್ ಕ್ಲಬ್ಬಿನವರು ದೊಡ್ಡ ಪರದೆ ಕಟ್ಟಿ
ಉದ್ಘಾಟನೆಗೆ ಅವಳನ್ನೇ ಕರೆದರು.
ಶಾಲು, ಹಾರ, ನಾಲ್ಕು ಭಾಷೆಯ ಸ್ವಾಗತ.
ಚೆಂಡು ಒದ್ದಳು.
ಅದು ಹಿಂದಕ್ಕೆ ಹಾರಿ
ಅದ್ಲಿಚ್ಚನ ಸುಲೈಮಾನಿ ಕೆಟ್ಲಿಗೆ ಬಡಿಯಿತು.
ಕ್ಷಣ ಮೌನ.
ಆಮೇಲೆ ಯಾರೋ ಕೂಗಿದರು: "ಅದು ಅಲ್ಲಿನ ಸ್ಟೈಲ್!"
ಮರುದಿನದಿಂದ ಮಕ್ಕಳೆಲ್ಲ
ಹಿಮ್ಮಡಿಯಲ್ಲಿ ಒದೆಯಲಿಕ್ಕೆ ಸುರು.

ನೀಲಿಯವರು ಸೋತ ರಾತ್ರಿ
ಎರಡು ಗಂಟೆಗೆ ಅವಳ ಬಾಗಿಲು ತಟ್ಟಿದರು.
ನಿದ್ದೆಗಣ್ಣು, ಮೈಮೇಲೆ ನೈಟಿ,
ಸತ್ತದ್ದು ಯಾರೆಂದು ಹೊಳೆಯಲಿಲ್ಲ ಅವಳಿಗೆ.
ಗಂಡಸರು ಜಗಲಿಯಲ್ಲಿ ತಲೆ ತಗ್ಗಿಸಿ ಕೂತರು.
ಹಳದಿ ಮನೆಯಿಂದಲೂ ಬಂದರು, ಕಲ್ತಪ್ಪ ಹಿಡಿದುಕೊಂಡು.
ಬೀಪಾತುಮ್ಮ ಅವಳ ಕೈ ಹಿಡಿದು
"ಸಾರಮಿಲ್ಲ ಮೋಳೆ, ಸಾರಮಿಲ್ಲ" ಅಂದರು.
ಆಗ ಅತ್ತಳು ನೋಡಿ, ಬಿಕ್ಕಿ ಬಿಕ್ಕಿ.
ಎಷ್ಟು ದೇಶಪ್ರೇಮ, ಎಂದು ಊರೇ ಮೆಚ್ಚಿತು.
ನನಗೆ ಮಾತ್ರ ಮರುದಿನ ಹೇಳಿದಳು:
"ಅಜ್ಜಿ ಹೋದಾಗಲೂ ಇಷ್ಟು ಜನ ಬಂದಿರಲಿಲ್ಲ."

ಮಾರ್ಚಿಯಲ್ಲಿ ವೀಸಾ ಮುಗಿಯಿತು.
ಕಟೌಟಿನ ಫ್ಲೆಕ್ಸು ಈಗ ಜಿತೇಶನ ಕೋಳಿಗೂಡಿನ ಮಾಡು,
ಆಟಗಾರನ ಮೊಣಗಂಟೊಂದೇ ಕಾಣುತ್ತದೆ, ಬಿಸಿಲಿಗೆ ಬಿಳಿಚಿ.
ಸೋರೆಬುರುಡೆ ನನ್ನ ಮೇಜಿನ ಮೇಲುಂಟು, ಚಾಕ್‌ಪೀಸು ತುಂಬಿ.

ಹಾಜರಿ ಕರೆದರೆ ನಜ್ಲಾ ಈಗಲೂ "ಪ್ರೆಸೆಂತೆ" ಅನ್ನುತ್ತಾಳೆ.
ಮೊನ್ನೆ ತಪಾಸಣೆಗೆ ಬಂದ ಸಾಹೇಬರು
ಕನ್ನಡ ಗೊತ್ತಿಲ್ಲದವರು,
ಅದೇನು ಶಬ್ದ, ಎಂದು ಕೇಳಿದರು.
ಹಳಗನ್ನಡ, ಅಂದೆ.
ಬರೆದುಕೊಂಡರು.